ಭಾನುಮತಿ ಆಂಟಿ ಕೊಡಲಾಗದ ಕಿಡ್ನಿ

ಭಾನುಮತಿ ಆಂಟಿಗೆ ಗಂಡನ ಅಕ್ಕನನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಹೀಗೆಯೇ ಬರೆಯಬಹುದೇ ಎಂದು ಅವರನ್ನು ಮೊದಲೇ ಕೇಳಿದೆ. "ಬರಿ, ಬರಿ. ಬೇರೆ ಏನಾದ್ರೂ ಹೆಸರು ಕೊಟ್ರೆ ಅದು ಕಮ್ಮಿ ಆಗುತ್ತಾ?" ಎಂದರು.

ಅವರು ಮಂಡ್ಯದ ಕಡೆಯವರು. ಸಿಂಗಾಪುರದ ಸೆಂಬವಾಂಗ್‌ನಲ್ಲಿ ನಮ್ಮ ಬ್ಲಾಕ್‌ನಲ್ಲೇ ಇದ್ದಾರೆ. ಕೆಳಗೆ ವಾಯ್ಡ್ ಡೆಕ್‌ನ, ಅಂದರೆ ಕಟ್ಟಡದ ತೆರೆದ ನೆಲಮಹಡಿಯ, ಚೈಲ್ಡ್‌ಕೇರ್‌ನಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಗಂಡ ಸಂಪತ್ ಅಂಕಲ್ ಕಾರ್ಕಳದವರು. ಜುರಾಂಗ್ ಐಲ್ಯಾಂಡ್‌ನ ಒಂದು ಕಾರ್ಖಾನೆಯಲ್ಲಿ ಪಂಪು, ಪೈಪುಗಳ ರಿಪೇರಿ ನೋಡಿಕೊಳ್ಳುವ ಎಂಜಿನಿಯರ್. ಮಗಳು ತೃಷಾ ಸೆಕೆಂಡರಿ ಶಾಲೆಯಲ್ಲಿ ಓದುತ್ತಾಳೆ. ಅಂಕಲ್ ಅವರ ಅಕ್ಕ ವಿನೋದಾ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ, ಬೂನ್ ಲೇಯ ಫ್ಲ್ಯಾಟ್‌ನಲ್ಲಿ ಒಬ್ಬರೇ ಇರುತ್ತಾರೆ.

ತಾಯಿ ತೀರಿಕೊಂಡಾಗ ಅಂಕಲ್ ಇನ್ನೂ ಪ್ರೈಮರಿ ಶಾಲೆಯ ಹುಡುಗ. ಅವರನ್ನು ಬೆಳೆಸಿದ್ದು, ಓದಿಸಿದ್ದು, ಸಿಂಗಾಪುರಕ್ಕೆ ಕರೆಸಿಕೊಂಡದ್ದು ಎಲ್ಲ ವಿನೋದಾ. ಅವರು ಮದುವೆಯಾಗಲಿಲ್ಲ. ತಮ್ಮನಿಗಾಗಿ ಆಗಲಿಲ್ಲ ಎಂದು ಬೇರೆಯವರು ಹೇಳುತ್ತಾರೆಯೇ ಹೊರತು ಅವರ ಬಾಯಿಂದ ಆ ಮಾತನ್ನು ಯಾರೂ ಕೇಳಿಲ್ಲ. ಹೇಳಿಕೊಂಡಿದ್ದರೆ ಒಳ್ಳೆಯದಿತ್ತು ಎನ್ನುತ್ತಾರೆ ಆಂಟಿ. ಹೇಳಿಕೊಂಡು ತಿರುಗುವವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ಸುಮ್ಮನಿರುವವರ ಮೇಲೆ ಸಿಟ್ಟು ಬಂದರೆ ಅದನ್ನು ಎಲ್ಲಿ ಇಡುವುದು?

ಅಂಕಲ್ ಅವರದು ಅಳಿಯಕಟ್ಟಿನ ಮನೆತನ. ಅಲ್ಲಿ ವಂಶ ನಡೆಯುವುದು ಹೆಣ್ಣಿನಿಂದ. ಗಂಡಸು ತನ್ನ ತಾಯಿಯ, ಅಕ್ಕತಂಗಿಯರ ಮನೆಗೆ ಸೇರಿದವನು. ಹೆಂಡತಿ ಅವಳ ತಾಯಿಯ ಮನೆಗೆ ಸೇರಿದವಳು. ಬಳಿ ಎಂಬುದು ಅವರಲ್ಲಿ ಗೋತ್ರದ ಹಾಗೆ, ಮಗುವಿಗೆ ತಾಯಿಯಿಂದ ಬರುತ್ತದೆ. ತೃಷಾ ಹುಟ್ಟಿದಾಗ ಊರಿನಿಂದ ಬಂದಿದ್ದ ಒಬ್ಬ ಹೆಂಗಸು ತೊಟ್ಟಿಲು ತೂಗುತ್ತಾ, "ಪಾಪ, ಚಂದದ ಮಗು. ಆದರೆ ಇದಕ್ಕೆ ಬಳಿ ಇಲ್ಲವಲ್ಲ" ಎಂದಿದ್ದರಂತೆ. ಮಂಡ್ಯದ ತಾಯಿಯಿಂದ ಕಾರ್ಕಳದ ಬಳಿ ಎಲ್ಲಿಂದ ಬರಬೇಕು? ವಿನೋದಾ ಆಗ, "ಬಳಿ ಇಲ್ಲದಿದ್ದರೆ ಎಂತಾಯ್ತು, ಅತ್ತೆ ಇದ್ದೇನಲ್ಲ" ಎಂದು ಮಗುವನ್ನು ಎತ್ತಿಕೊಂಡರು. ಒಳ್ಳೆಯ ಮಾತೇ. ಆಂಟಿಗೆ ಮಾತ್ರ ತನ್ನ ಮಗುವನ್ನೂ ಅವರೇ ತಮ್ಮ ಲೆಕ್ಕಕ್ಕೆ ತೆಗೆದುಕೊಂಡ ಹಾಗೆ ಅನಿಸಿತು.

ಐಲ್ಯಾಂಡ್‌ನಿಂದ ಬರುವ ಕಂಪನಿ ಬಸ್ಸು ಬೂನ್ ಲೇ ಮೇಲೆ ಹಾದುಹೋಗುತ್ತದೆ. ಶುಕ್ರವಾರ ಅಂಕಲ್ ಅಲ್ಲಿಯೇ ಇಳಿದು ಅಕ್ಕನ ಮನೆಯಲ್ಲಿ ಉಂಡು ಬರುತ್ತಿದ್ದರು. ಬರುವಾಗ ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ಅದರಲ್ಲಿ ಒಮ್ಮೆ ಪತ್ರೊಡೆ, ಒಮ್ಮೆ ಹಲಸಿನ ಹಣ್ಣಿನ ಗಟ್ಟಿ, ಒಮ್ಮೆ ಬೆಲ್ಲದ ಪಾಯಸ. ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದು ಎಂಬುದು ಎರಡೂ ಊರಿನ ಪದ್ಧತಿ. ಆದ್ದರಿಂದ ಆಂಟಿ ಕಜ್ಜಾಯ ಕರಿದು ತುಂಬುತ್ತಿದ್ದರು. ಮುಂದಿನ ಶುಕ್ರವಾರ ಅದಕ್ಕೆ ಉತ್ತರವಾಗಿ ಇನ್ನೂ ದೊಡ್ಡ ಡಬ್ಬಿ ಬರುತ್ತಿತ್ತು. ಆಗ ಆಂಟಿ ಒಬ್ಬಟ್ಟು ಮಾಡುತ್ತಿದ್ದರು. ಎರಡೂ ಕಡೆಯ ಸಿಹಿಯನ್ನು ತಿನ್ನುತ್ತಿದ್ದವರು ಒಬ್ಬರೇ, ಸಂಪತ್ ಅಂಕಲ್. ಇದರಿಂದಲೇ ಅವರಿಗೆ ಸಕ್ಕರೆ ಕಾಯಿಲೆ ಬಂತು ಎಂದು ಬರೆದರೆ ತಪ್ಪಾಗುತ್ತದೆ, ಡಾಕ್ಟರ್ ಹಾಗೆ ಹೇಳಿಲ್ಲ. ಅವರ ತಾಯಿಗೂ ಆ ಕಾಯಿಲೆ ಇತ್ತು. ಆದರೆ ಕಾಯಿಲೆ ಗೊತ್ತಾದ ಮೇಲೂ ಡಬ್ಬಿಗಳ ಓಡಾಟ ಬಹಳ ದಿನ ನಿಲ್ಲಲಿಲ್ಲ. ಅವರು ನಿಲ್ಲಿಸಲಿ ಎಂದು ಇವರು, ಇವರು ನಿಲ್ಲಿಸಲಿ ಎಂದು ಅವರು ಕಾದರು.

ವರ್ಷಗಳು ಕಳೆದವು. ಅಂಕಲ್‌ಗೆ ಸಂಜೆಯ ಹೊತ್ತಿಗೆ ಪಾದ ಊದತೊಡಗಿತು. ಸೇಫ್ಟಿ ಬೂಟು ಬಿಗಿ ಎಂದುಕೊಂಡು ದೊಡ್ಡ ಅಳತೆಯದನ್ನು ತರಿಸಿಕೊಂಡರು. ಮೂತ್ರದಲ್ಲಿ ನೊರೆ ಬರುತ್ತಿತ್ತು, ಅದನ್ನು ಯಾರಿಗೂ ಹೇಳಲಿಲ್ಲ. ಕೊನೆಗೆ ಉಸಿರು ಕಟ್ಟಿದಂತಾಗಿ ಆಸ್ಪತ್ರೆಗೆ ಹೋದಾಗ ಎರಡೂ ಕಿಡ್ನಿ ಸೋತಿದ್ದವು. ಕಿಡ್ನಿಗೆ ಅದರದೇ ಕಾಯಿಲೆ ಏನೂ ಇಲ್ಲ, ಸಕ್ಕರೆ ಕಾಯಿಲೆ ಒಳಗಿನ ಸಣ್ಣ ಸಣ್ಣ ರಕ್ತನಾಳಗಳನ್ನು ನಿಧಾನವಾಗಿ ಹಾಳು ಮಾಡಿದೆ ಎಂದು ಡಾಕ್ಟರ್ ಹೇಳಿದರು. "ಅಂದ್ರೆ ಪಂಪ್ ಸರಿ ಇದೆ, ಲೈನಲ್ಲಿ ಬಂದಿದ್ದೇ ಸರಿ ಇರ್ಲಿಲ್ಲ" ಎಂದರು ಅಂಕಲ್. ಡಾಕ್ಟರ್ ಸ್ವಲ್ಪ ಯೋಚಿಸಿ, ಹೆಚ್ಚು ಕಡಿಮೆ ಹಾಗೆಯೇ ಎಂದರು.

ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಮೂರು ಸಲ, ಮನೆಯ ಹತ್ತಿರದ ಸೆಂಟರ್‌ನಲ್ಲಿ. ಕಂಪನಿಯವರು ಆಫೀಸಿನ ಒಳಗಿನ ಕೆಲಸ ಕೊಟ್ಟರು. ಕುಡಿಯುವ ನೀರಿಗೂ ಅಳತೆ ಬಂತು. ಶುಕ್ರವಾರದ ಬೂನ್ ಲೇ ನಿಂತುಹೋಯಿತು. ಇದನ್ನು ಹೇಳುವಾಗ ಆಂಟಿ ತಲೆ ತಗ್ಗಿಸಲಿಲ್ಲ: ಗಂಡನಿಗೆ ಇಷ್ಟು ದೊಡ್ಡ ಕಾಯಿಲೆ ಬಂದಾಗಲೂ, ಇನ್ನು ಮೇಲೆ ಶುಕ್ರವಾರ ಅವರು ಮನೆಗೇ ಬರುತ್ತಾರೆ ಎಂದು ಒಂದು ಕ್ಷಣ ಸಮಾಧಾನವಾಯಿತಂತೆ.

ಆದರೆ ಅಕ್ಕನೇ ಸೆಂಬವಾಂಗ್‌ಗೆ ಬರತೊಡಗಿದರು. ಒಂದು ಭಾನುವಾರ ಟೆಕ್ಕಾ ಮಾರ್ಕೆಟ್‌ನಿಂದ ಬಾಳೆದಿಂಡು ಹೊತ್ತು ತಂದರು.

"ಇದರ ರಸ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡು. ಕಿಡ್ನಿ ಕ್ಲೀನ್ ಆಗ್ತದೆ" ಎಂದರು ವಿನೋದಾ.

ಆಂಟಿ ಈ ಒಂದು ಅವಕಾಶಕ್ಕಾಗಿ ಎಷ್ಟು ವರ್ಷ ಕಾದಿದ್ದರೋ. "ಅತ್ತಿಗೆ, ಅದು ಕಲ್ಲಾದವರಿಗೆ. ಇವರಿಗೆ ಕೊಟ್ರೆ ಪೊಟ್ಯಾಸಿಯಂ ಏರುತ್ತೆ, ಹಾರ್ಟ್ ನಿಂತ್ಹೋಗುತ್ತೆ. ಡಯಟಿಷಿಯನ್ ನನ್ನನ್ನ ಕೂರಿಸ್ಕೊಂಡು ಹೇಳಿದ್ದಾರೆ. ಎಳನೀರೂ ಇಲ್ಲ, ಬಾಳೆದಿಂಡೂ ಇಲ್ಲ."

"ಊರಲ್ಲಿ ಎಲ್ಲರಿಗೂ ಇದನ್ನೇ ಕೊಡೋದು ಮಾರಾಯ್ತಿ."

"ಊರಲ್ಲಿ ಎಲ್ಲರಿಗೂ ಕೊಟ್ಟು ಏನಾಯ್ತು ಅಂತ ಯಾರು ನೋಡಿದಾರೆ?"

ವಿನೋದಾ ಮುಖ ಸಣ್ಣದಾಯಿತು. ಅಂಕಲ್ ಟಿವಿಯ ಕಡೆ ನೋಡುತ್ತಾ ಕುಳಿತರು. ಅಕ್ಕ ಹೋದ ಮೇಲೆ ಆಂಟಿ ಆ ದಿಂಡನ್ನು ಎಸೆಯಲಿಲ್ಲ. ಹೆಚ್ಚಿ, ರುಬ್ಬಿ, ಹಿಂಡಿ ತಾವೇ ಕುಡಿದರು. ಅವರಿಗೆ ಬಹಳ ದಿನದಿಂದ ಎಡಗಡೆ ಸೊಂಟದ ಮೇಲೆ ಭಾರವಾದ ನೋವಿತ್ತು. ಉಷ್ಣ ಇರಬೇಕು ಎಂದುಕೊಂಡಿದ್ದರು. ಗಂಡನಿಗೆ ಬೇಡವೆಂದು ಜಗಳವಾಡಿದ ಔಷಧವನ್ನು ಅಡುಗೆಮನೆಯಲ್ಲಿ ನಿಂತು ಒಂದೇ ಗುಟುಕಿಗೆ ಕುಡಿದು ಲೋಟ ತೊಳೆದಿಟ್ಟರು. ತಂಪಾಯಿತು ಎನಿಸಿತು. ಮತ್ತೆರಡು ಸಲ ಟೆಕ್ಕಾಗೆ ಹೋಗಿ ತಾವೇ ತಂದರು.

ಬೇರೆಯವರ ಕಿಡ್ನಿ ಹಾಕಿಸಿಕೊಳ್ಳುವ ಮಾತು ಬಂದದ್ದು ಆಮೇಲೆ. ಮನೆಯವರಲ್ಲಿ ಯಾರಾದರೂ ಕೊಡುವವರಿದ್ದರೆ ಪರೀಕ್ಷೆ ಮಾಡೋಣ ಎಂದರು ಡಾಕ್ಟರ್. ಆ ಭಾನುವಾರ ವಿನೋದಾ ಬಂದು ಫೋನನ್ನು ಊಟದ ಮೇಜಿನ ಮೇಲೆ ನಿಲ್ಲಿಸಿ ಕಾರ್ಕಳಕ್ಕೆ ವೀಡಿಯೋ ಕಾಲ್ ಮಾಡಿದರು. ಆ ಕಡೆ ಉಗ್ಗಪ್ಪ ಮಾವ. ಅಕ್ಕ ತಮ್ಮ ಇಬ್ಬರಿಗೂ ಸೋದರಮಾವ, ಮನೆತನಕ್ಕೆ ಯಜಮಾನ.

"ಇದರಲ್ಲಿ ಮಾತಾಡ್ಲಿಕ್ಕೆ ಎಂತ ಉಂಟು?" ಎಂದರು ಉಗ್ಗಪ್ಪ ಮಾವ. "ವಿನೋದ ಕೊಡ್ತಾಳೆ. ಕುಟುಂಬದ್ದು ಕುಟುಂಬಕ್ಕೆ."

"ಮಾವ, ನಾನೂ ಕೊಡ್ತೀನಿ ಅಂತಿದೀನಿ" ಎಂದರು ಆಂಟಿ, ಫೋನಿನ ಎದುರಿಗೆ ಬಂದು.

"ನೀನು ಬೇಜಾರು ಮಾಡ್ಬೇಡ ಭಾನು. ನಮ್ಮಲ್ಲಿ ಗಂಡಸಿಗೆ ಮನೆ ಅಂದ್ರೆ ಅಕ್ಕನ ಮನೆ. ರಕ್ತ ರಕ್ತವೇ ಅಲ್ವಾ?"

"ಹಾಗಾದ್ರೆ ನಾನು ಯಾರು ಮಾವ?"

"ನೀನು ಹೆಂಡತಿ ಮಾರಾಯ್ತಿ! ಅದೇನು ಕಮ್ಮಿಯಾ?"

ಎಲ್ಲರೂ ನಕ್ಕರು. ಅಂಕಲ್ ಕೂಡ ನಕ್ಕರು. ಆಮೇಲೆ ಮೂವರೂ ತುಳುವಿನಲ್ಲಿ ಮಾತಿಗಿಳಿದರು. ಅದರ ನಡುವೆ ನಡುವೆ "ಭಾನು" ಎಂಬ ಹೆಸರು ಮಾತ್ರ ಆಂಟಿಗೆ ಅರ್ಥವಾಗುತ್ತಿತ್ತು. ಮರುದಿನ ಅವರು ಆಸ್ಪತ್ರೆಯ ಕೋಆರ್ಡಿನೇಟರ್‌ಗೆ ತಾವೇ ಫೋನ್ ಮಾಡಿ ಪರೀಕ್ಷೆಗೆ ಹೆಸರು ಕೊಟ್ಟರು. ವಿನೋದಾ ಅದಾಗಲೇ ಕೊಟ್ಟಿದ್ದರು.

ಹೀಗೆ ಇಬ್ಬರೂ ಒಟ್ಟಿಗೆ ಪರೀಕ್ಷೆಗೆ ನಿಂತರು. ಅಂಕಲ್ ಅವರದು ಬಿ ಗುಂಪಿನ ರಕ್ತ, ಅಕ್ಕನದೂ ಅದೇ. ಆಂಟಿಯದು ಓ. ಓ ಗುಂಪಿನವರು ಯಾವ ಗುಂಪಿಗೂ ಕೊಡಬಹುದು ಎಂದು ಕೇಳಿದ ದಿನ ಆಂಟಿ ಎಂಆರ್‌ಟಿ ರೈಲಿನಲ್ಲಿ ನಿಂತುಕೊಂಡೇ ಬಂದರಂತೆ, ಕುಳಿತುಕೊಳ್ಳಬೇಕೆಂದೇ ಅನಿಸಲಿಲ್ಲ. ಮೂತ್ರ ಸರಿ ಇತ್ತು, ರಕ್ತ ಸರಿ ಇತ್ತು. ವಿನೋದಾಗೂ ಎಲ್ಲ ಸರಿ ಇತ್ತು, ತಮ್ಮನ ಕಾಯಿಲೆ ನೋಡಿ ಅವರು ಸಿಹಿ ಬಿಟ್ಟು ದಿನಾ ನಡೆಯುತ್ತಿದ್ದರು. ಆದರೆ ವಯಸ್ಸು ಐವತ್ತು ದಾಟಿತ್ತು. ಇಬ್ಬರೂ ಹೊಂದಿದರೆ ಚಿಕ್ಕವರಾದ ಹೆಂಡತಿಯದನ್ನೇ ಮೊದಲು ನೋಡಬಹುದು ಎಂದು ಡಾಕ್ಟರ್ ಹೇಳಿದರು. ಆಂಟಿ ಆ ಮಾತನ್ನು ಅತ್ತಿಗೆಗೆ ಫೋನಿನಲ್ಲಿ ಹೇಳಿದರು, ಮೆಸೇಜ್‌ನಲ್ಲಿ ಅಲ್ಲ. ಆ ಕಡೆಯ ಮೌನವನ್ನು ಕೇಳಬೇಕಿತ್ತು.

ಕೋಆರ್ಡಿನೇಟರ್ ಹಳೆಯ ಕಾಯಿಲೆಗಳ ಬಗ್ಗೆ ಕೇಳುವಾಗ, ಮುಟ್ಟಿನ ಸಮಯದಲ್ಲಿ ಹೆಚ್ಚು ನೋವಿದೆಯೇ, ಸೊಂಟ ನೋವಿದೆಯೇ, ನೋವಿನ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಆಂಟಿ ಎಲ್ಲದಕ್ಕೂ ಇಲ್ಲ ಎಂದರು. ನಿಜವೇನೆಂದರೆ, ಚಿಕ್ಕಂದಿನಿಂದಲೂ ಅವರು ಮುಟ್ಟಾದಾಗ ನೆಲದ ಮೇಲೆ ಮುದುಡಿ ಮಲಗುತ್ತಿದ್ದರು. ತೃಷಾ ಆದ ಮೇಲೆ ಮತ್ತೆ ಮಗುವಾಗಲಿಲ್ಲ. ನೋವಿನ ಮಾತ್ರೆ ಅವರ ಪರ್ಸಿನಲ್ಲಿ ಯಾವಾಗಲೂ ಇರುತ್ತಿತ್ತು, ಪರೀಕ್ಷೆ ಶುರುವಾದಾಗ ಮಾತ್ರ ಹಲ್ಲು ಕಚ್ಚಿ ಬಿಟ್ಟಿದ್ದರು. "ಹೆಣ್ಣಾಗಿ ಹುಟ್ಟಿದ ಮೇಲೆ ಇಷ್ಟೂ ತಡೀದೆ ಇದ್ರೆ ಹೆಂಗೆ" ಎಂದು ಅವರ ತಾಯಿ ಹೇಳುತ್ತಿದ್ದರು. ಆದ್ದರಿಂದ ಅದು ಕಾಯಿಲೆಯ ಲೆಕ್ಕಕ್ಕೆ ಬರುತ್ತದೆ ಎಂದು ಅವರು ನಿಜವಾಗಿಯೂ ತಿಳಿದಿರಲಿಲ್ಲ. ಆದರೆ ಹೇಳಿದರೆ ತಮ್ಮ ಹೆಸರು ಹಿಂದೆ ಹೋಗಿ ಅತ್ತಿಗೆಯ ಹೆಸರು ಮುಂದೆ ಬರಬಹುದು ಎಂಬುದು ಗೊತ್ತಿತ್ತು. ಎರಡೂ ನಿಜ.

ಸ್ಕ್ಯಾನ್ ಆದ ಮೇಲೆ ಗಂಡಹೆಂಡತಿ ಇಬ್ಬರನ್ನೂ ಒಳಗೆ ಕರೆದರು. ಡಾಕ್ಟರ್ ಪರದೆಯ ಮೇಲೆ ಚಿತ್ರ ತೋರಿಸಿದರು. ಬಲಗಡೆಯ ಕಿಡ್ನಿ ಅವರೆಬೀಜದ ಹಾಗೆ ದುಂಡಗೆ ತುಂಬಿಕೊಂಡಿತ್ತು. ಎಡಗಡೆಯದು ನೀರು ತುಂಬಿದ ಬಲೂನಿನ ಹಾಗೆ ಊದಿ, ಸುತ್ತಲಿನ ಮಾಂಸ ತೆಳುವಾದ ಅಂಚಾಗಿ ಉಳಿದಿತ್ತು.

"ಬ್ಲಾಕ್ ಆಗಿದೆಯಾ?" ಎಂದು ಅಂಕಲ್ ಕೂಡಲೇ ಕೇಳಿದರು. "ಕೆಳಗೆ ಪೈಪ್ ಬ್ಲಾಕ್ ಆದ್ರೆ ಮೇಲಿನ ಟ್ಯಾಂಕ್ ಹೀಗೇ ಊದೋದು."

ಹೌದು ಎಂದರು ಡಾಕ್ಟರ್. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳವನ್ನು ಕೆಳಗೆ, ಗರ್ಭಕೋಶದ ಪಕ್ಕದಲ್ಲಿ, ಯಾವುದೋ ಹಿಡಿದು ಬಿಗಿದಿದೆ. ಗರ್ಭಕೋಶದ ಒಳಪದರದಂಥದ್ದೇ ಹೊರಗೆ ಬೆಳೆದು, ಪ್ರತಿ ತಿಂಗಳೂ ಕೆರಳಿ, ಗಾಯವಾಗಿ, ಒಣಗಿ, ಹುರಿಯ ಹಾಗೆ ಗಟ್ಟಿಯಾಗಿದೆ. ಎಂಡೊಮೆಟ್ರಿಯೋಸಿಸ್ ಎನ್ನುತ್ತಾರೆ. ಕಲ್ಲಲ್ಲ, ಸೋಂಕಲ್ಲ. ಕಿಡ್ನಿಯ ತಪ್ಪೇನೂ ಇಲ್ಲ. ಬಲಗಡೆಯದು ಎರಡರ ಕೆಲಸವನ್ನೂ ಮಾಡುತ್ತಿರುವುದರಿಂದ ರಕ್ತಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಇಷ್ಟು ವರ್ಷ ಮುಟ್ಟಿನ ನೋವು ಇರಲೇ ಇಲ್ಲವೇ ಎಂದು ಡಾಕ್ಟರ್ ಕೇಳಿದರು.

ಆಂಟಿ ಕೇಳಿದ್ದು ಇಷ್ಟೇ: "ಹಾಗಾದ್ರೆ ಬಲಗಡೆದನ್ನ ತಗೋಬಹುದಾ?"

ಡಾಕ್ಟರ್ ಅಂಕಲ್ ಮುಖ ನೋಡಿದರು. ಅಂಕಲ್ ಎದ್ದು ಆಂಟಿಯ ಭುಜ ಹಿಡಿದುಕೊಂಡರು. "ಭಾನು, ನಿಂಗೆ ಅರ್ಥ ಆಯ್ತಾ ಅವರು ಹೇಳಿದ್ದು?"

"ಅರ್ಥ ಆಯ್ತು ರೀ. ಅದಕ್ಕೇ ಕೇಳ್ತಿರೋದು."

ಮೊದಲು ನಾಳದ ಒಳಗೆ ಸ್ಟೆಂಟ್ ಎಂಬ ತೆಳುವಾದ ಒಂದು ಕೊಳವೆ ಇಟ್ಟು ಮೂತ್ರ ಇಳಿಯುವಂತೆ ಮಾಡಬೇಕು, ಆಮೇಲೆ ಆಪರೇಷನ್ ಮಾಡಿ ಆ ಹುರಿಯನ್ನು ಬಿಡಿಸಬೇಕು, ತಡಮಾಡಿದರೆ ಎಡಗಡೆಯದು ಪೂರ್ತಿ ಹೋಗುತ್ತದೆ ಎಂದರು ಡಾಕ್ಟರ್. ಕೊಡುವ ಮಾತು ಅಲ್ಲಿಗೆ ಮುಗಿಯಿತು.

ಮನೆಗೆ ಬರುವಾಗ ಆಂಟಿ ಗಂಡನಿಂದ ಮಾತು ತೆಗೆದುಕೊಂಡರು. "ಅತ್ತಿಗೆಗೆ ಹೇಳ್ಬೇಡಿ. ನಾನು ಹೆದರ್ಕೊಂಡು ಬೇಡ ಅಂದೆ ಅಂತ ಹೇಳಿ ಬೇಕಾದ್ರೆ."

"ಸುಳ್ಳು ಯಾಕೆ ಹೇಳ್ಬೇಕು?"

"ಹೇಡಿ ಅಂತ ಅಂದ್ಕೊಳ್ಲಿ, ಪರವಾಗಿಲ್ಲ. ಪಾಪ ಅಂತ ಅನ್ನಿಸ್ಕೊಳಲ್ಲ ನಾನು."

ಕೊಳವೆ ಹಾಕಿಸಿಕೊಂಡು ಬಂದರು. ಗಳಿಗೆಗೊಮ್ಮೆ ಬಾತ್‌ರೂಮಿಗೆ ಹೋಗಬೇಕೆನಿಸುತ್ತಿತ್ತು, ಹೋದರೆ ಸೊಂಟಕ್ಕೆ ಎಳೆದ ಹಾಗೆ ನೋಯುತ್ತಿತ್ತು. ಚೈಲ್ಡ್‌ಕೇರ್‌ನ ಮಕ್ಕಳು, "ಟೀಚರ್ ಆಲ್ವೇಸ್ ಗೋ ಟಾಯ್ಲೆಟ್ ಒನ್" ಎಂದು ಸಿಂಗಾಪುರದ ಇಂಗ್ಲಿಷಿನಲ್ಲಿ ಹೇಳಿ ನಗುತ್ತಿದ್ದವು. ಆದರೂ ಆಪರೇಷನ್‌ಗೆ ದಿನ ಗೊತ್ತು ಮಾಡಿಕೊಳ್ಳಲಿಲ್ಲ. ಮೊದಲು ಗಂಡನದಾಗಲಿ, ಆಮೇಲೆ ನೋಡೋಣ ಎಂದು ಡಾಕ್ಟರಿಗೆ ಹೇಳಿದರು. ಒಳಗಿನ ಲೆಕ್ಕ ಬೇರೆ ಇತ್ತು. ತಾವು ಮಲಗಿಬಿಟ್ಟರೆ ಮನೆಯ ಬೀಗದ ಕೈ, ಅಂಕಲ್ ಅವರ ಮಾತ್ರೆಯ ಪೆಟ್ಟಿಗೆ, ಒಲೆ ಎಲ್ಲ ಅತ್ತಿಗೆಯ ಕೈಗೆ ಹೋಗುತ್ತದೆ. ಕಿಡ್ನಿಯೂ ಅವರದು, ಮನೆಯೂ ಅವರದು ಎಂದರೆ ತಮಗೆ ಏನು ಉಳಿಯಿತು?

ಒಂದು ಸಂಜೆ ಬಟ್ಟೆ ಒಣಗಿಸಲು ಹೋದಾಗ ಅಂಕಲ್ ರೂಮಿನೊಳಗೆ ಫೋನಿನಲ್ಲಿ ತುಳುವಿನಲ್ಲಿ ಮಾತನಾಡುವುದು ಕೇಳಿಸಿತು. "ಭಾನು" ಎಂದರು. ಸ್ವಲ್ಪ ಹೊತ್ತಿಗೆ "ಬ್ಲಾಕ್" ಎಂದರು, "ಸ್ಟೆಂಟ್" ಎಂದರು. ಆಮೇಲೆ ಅಂಕಲ್ ಅಳುವ ಸದ್ದು. ತಮ್ಮ ಎದುರಿಗೆ ಒಂದು ದಿನವೂ ಅಳದ ಮನುಷ್ಯ ಅಕ್ಕನ ಹತ್ತಿರ ಅಳುತ್ತಿದ್ದರು, ಅದೂ ತಮಗಾಗಿ. ಮಾತು ತಪ್ಪಿದ್ದಕ್ಕಿಂತ ಅದೇ ಆಂಟಿಗೆ ಹೆಚ್ಚು ಚುಚ್ಚಿತು. ಒದ್ದೆ ಬಟ್ಟೆಯ ಬುಟ್ಟಿ ಹಿಡಿದುಕೊಂಡು ಹಾಗೆಯೇ ನಿಂತಿದ್ದರು.

ಮರುದಿನ ವಿನೋದಾ ಬ್ಯಾಂಕಿಗೆ ರಜೆ ಹಾಕಿ ಬಂದರು. ಚಪ್ಪಲಿ ಬಿಟ್ಟವರೇ ನೇರವಾಗಿ ಅಡುಗೆಮನೆಗೆ ಹೋದರು. ಆಂಟಿ ಬೇಳೆ ತೊಳೆಯುತ್ತಿದ್ದರು, ತಿರುಗಿ ನೋಡಲಿಲ್ಲ.

"ಬನ್ನಿ ಅತ್ತಿಗೆ. ಈಗ ಸಂತೋಷ ಆಯ್ತಾ?"

ವಿನೋದಾ ಸ್ಟೂಲ್ ಎಳೆದುಕೊಂಡು ಕುಳಿತರು. "ಅರ್ಧ ಆಯ್ತು" ಎಂದರು.

ಆಂಟಿ ತಿರುಗಿದರು.

"ಸುಳ್ಳು ಎಂತಕ್ಕೆ ಹೇಳ್ಲಿ? ನಿನ್ನದೇ ಮೊದಲು ನೋಡ್ತಾರೆ ಅಂತ ನೀನು ಫೋನ್ ಮಾಡಿದ ದಿನ ನನಗೆ ಊಟ ಸೇರ್ಲಿಲ್ಲ. ಇಷ್ಟು ವರ್ಷ ನಿನಗೆ ಅವನ ಜೊತೆ ಮನೆ ಉಂಟು, ಮಗಳು ಉಂಟು. ನನಗೆ ಶುಕ್ರವಾರ ಒಂದಿತ್ತು. ಅದೂ ಹೋಯ್ತು. ಇದನ್ನಾದರೂ ನನಗೆ ಬಿಡು ಅಂತ ದೇವರನ್ನ ಕೇಳಿದೆ. ನಿನಗೆ ಹೀಗಾಗ್ಲಿ ಅಂತ ಕೇಳ್ಲಿಲ್ಲ, ಅಷ್ಟು ಕೆಟ್ಟವಳಲ್ಲ ಮಾರಾಯ್ತಿ."

"ಹೆಚ್ಚು ಕಮ್ಮಿ ಅದನ್ನೇ ಕೇಳಿದೀರಿ."

"ಆಗಿರಬಹುದು" ಎಂದರು ವಿನೋದಾ. ಆಮೇಲೆ ಅವರೇ, "ಮೊದಲು ನಿನ್ನ ಆಪರೇಷನ್. ಅದಾಗದೆ ನಾನು ಕೊಡುವುದಿಲ್ಲ" ಎಂದರು.

"ಇದೇನು ಅತ್ತಿಗೆ, ಅವರು ಡಯಾಲಿಸಿಸ್‌ನಲ್ಲಿ ಸಾಯ್ತಿದಾರೆ, ನೀವು ಪಂಥ ಕಟ್ತಿದೀರಾ?"

"ಡಯಾಲಿಸಿಸ್ ಇನ್ನೂ ಸ್ವಲ್ಪ ದಿನ ಅವನನ್ನು ನೋಡ್ಕೊಳ್ತದೆ. ನಿನ್ನ ಕಿಡ್ನಿಯನ್ನು ಯಾರು ನೋಡ್ತಾರೆ? ನಾನೂ ಅವನೂ ಒಟ್ಟಿಗೆ ಮಲಗಿದಾಗ ನಿಂತಿರಬೇಕಾದವಳು ನೀನು. ಬಾತ್‌ರೂಮಿಗೆ ಓಡುವವಳನ್ನು ನಂಬಿ ನಾನು ಹೊಟ್ಟೆ ಕೊಯ್ಸಿಕೊಳ್ಳುವುದಿಲ್ಲ."

ಆಂಟಿಗೆ ಅಳುವೂ ಬಂತು, ಉರಿಯೂ ಎದ್ದಿತು. ತಮ್ಮ ಕಾಯಿಲೆಗೆ ದಿನ ಗೊತ್ತು ಮಾಡುವವರೂ ಇವರೇ. ಆದರೆ "ನಿಂತಿರಬೇಕಾದವಳು ನೀನು" ಎಂಬ ಮಾತನ್ನು ಅವರು ಆಮೇಲೆ ಎಷ್ಟೋ ಸಲ ನೆನಪಿಸಿಕೊಂಡರು. ಆ ಮನೆತನದವರು ಯಾರೂ ಅಂಥ ಮಾತು ಅದುವರೆಗೆ ಆಡಿರಲಿಲ್ಲ. ಅಂದೇ ಡಾಕ್ಟರಿಗೆ ಫೋನ್ ಮಾಡಿದರು. ಈ ಸಲ, ಮುಟ್ಟಿನ ನೋವು ಯಾವಾಗಿನಿಂದ ಎಂದು ಕೇಳಿದಾಗ, ನೆನಪಿರುವಷ್ಟನ್ನೂ ಹೇಳಿದರು.

ಹೆಂಗಸರ ಡಾಕ್ಟರ್, ಮೂತ್ರದ ಡಾಕ್ಟರ್ ಇಬ್ಬರೂ ಸೇರಿ ಆಪರೇಷನ್ ಮಾಡಿದರು. ನಾಳವನ್ನು ಬಿಡಿಸಿದರು. ಎಡಗಡೆಯ ಕಿಡ್ನಿ ಪೂರ್ತಿ ಮೊದಲಿನ ಹಾಗೆ ಆಗುವುದಿಲ್ಲ, ಉಳಿದದ್ದು ಉಳಿಯುತ್ತದೆ ಎಂದರು. ಆಂಟಿ ಮನೆಗೆ ಬಂದಾಗ, ಅಂದುಕೊಂಡ ಹಾಗೆಯೇ, ಒಲೆಯ ಮುಂದೆ ಅತ್ತಿಗೆ ಇದ್ದರು. ಸಾರಿನ ಪುಡಿಯ ಡಬ್ಬಿ ಮೇಲಿನ ಕಪಾಟಿಗೆ ಹೋಗಿತ್ತು. ಮನೆಯೆಲ್ಲ ತೆಂಗಿನೆಣ್ಣೆಯ ವಾಸನೆ.

"ಅತ್ತೆಯ ಫಿಶ್ ಕರಿ ಶಿಯೋಕ್ ಲಾ, ಅಮ್ಮ" ಎಂದಳು ತೃಷಾ, ಬೆರಳು ನೆಕ್ಕುತ್ತಾ.

"ಹೌದಾ? ಹಾಗಾದ್ರೆ ಬೂನ್ ಲೇಗೇ ಶಿಫ್ಟ್ ಆಗಿಬಿಡು" ಎಂದರು ಮಲಗಿದ್ದಲ್ಲಿಂದಲೇ ಆಂಟಿ.

"ಅಮ್ಮ, ಡೋಂಟ್ ಬಿ ಲೈಕ್ ದ್ಯಾಟ್ ಲಾ."

"ನಾನು ಇರೋದೇ ಲೈಕ್ ದ್ಯಾಟ್."

ಒಳಗಿನಿಂದ ವಿನೋದಾ ಜೋರಾಗಿ ನಕ್ಕರು. ಅವರು ನಕ್ಕದ್ದೂ ಆಂಟಿಗೆ ಹಿಡಿಸಲಿಲ್ಲ. ಆದರೆ ಹಸಿವಾಗಿತ್ತು, ಎರಡು ಸಲ ಬಡಿಸಿಕೊಂಡರು.

ಕೆಲವು ತಿಂಗಳುಗಳ ಮೇಲೆ ಅಕ್ಕ ತಮ್ಮನ ಆಪರೇಷನ್ ಆಯಿತು. ಅದಕ್ಕೆ ಮೊದಲು ಆಸ್ಪತ್ರೆಯ ಒಂದು ಸಮಿತಿ ಕೊಡುವವರನ್ನು ಬೇರೆಯಾಗಿ ಕೂರಿಸಿಕೊಂಡು, ಯಾರಾದರೂ ಒತ್ತಾಯ ಮಾಡುತ್ತಿದ್ದಾರೆಯೇ ಎಂದು ಕೇಳುತ್ತದೆ. ವಿನೋದಾ, "ಒತ್ತಾಯ ಎಂಥದ್ದು, ಪೈಪೋಟಿಯಲ್ಲಿ ಗೆದ್ದು ಬಂದಿದ್ದೇನೆ" ಎಂದರಂತೆ. ಸಮಿತಿಯವರಿಗೆ ಅರ್ಥವಾಯಿತೋ ಇಲ್ಲವೋ, ಒಪ್ಪಿಗೆ ಕೊಟ್ಟರು.

ಆ ದಿನ ಆಂಟಿ ಒಬ್ಬರೇ ಎರಡು ವಾರ್ಡುಗಳ ನಡುವೆ ಓಡಾಡಿದರು. ಮಧ್ಯಾಹ್ನ ಅಂಕಲ್ ಹಾಸಿಗೆಯ ಪಕ್ಕಕ್ಕೆ ಅವರನ್ನು ಬಿಟ್ಟರು. ಕೆಳಗೆ ತೂಗುಹಾಕಿದ್ದ ಚೀಲದಲ್ಲಿ ಮೂತ್ರ ತುಂಬುತ್ತಿತ್ತು. ಎಷ್ಟೋ ಕಾಲದಿಂದ ಅಂಕಲ್‌ಗೆ ಹೆಸರಿಗಷ್ಟೇ ಬರುತ್ತಿದ್ದದ್ದು ಈಗ ತಿಳಿಯಾಗಿ, ನಿಲ್ಲದೆ ಇಳಿಯುತ್ತಿತ್ತು. ನರ್ಸ್ ಅಳತೆ ನೋಡಿ ಹೆಬ್ಬೆರಳು ಎತ್ತಿ ತೋರಿಸಿದರು. ಅಂಕಲ್ ಕಣ್ಣು ಬಿಟ್ಟು, ಒಣಗಿದ ತುಟಿಯಲ್ಲಿ ಏನೋ ಹೇಳಿದರು. ಆಂಟಿ ಬಗ್ಗಿ ಕೇಳಿಸಿಕೊಂಡರು, ತಲೆಯಾಡಿಸಿದರು, ಹೊದಿಕೆ ಸರಿ ಮಾಡಿದರು.

ವಿನೋದಾ ಇದ್ದ ವಾರ್ಡು ಕಾರಿಡಾರಿನ ಆ ಕೊನೆಯಲ್ಲಿತ್ತು. ಆಂಟಿ ನಡುವಿನ ಕಿಟಕಿಯ ಹತ್ತಿರ ನಿಂತರು. ಕೆಳಗೆ ಬಸ್‌ಸ್ಟಾಪಿನಲ್ಲಿ ಜನ ಬಿಸಿಲಿಗೆ ಕೊಡೆ ಹಿಡಿದಿದ್ದರು. ಕಿಡ್ನಿ ಕೆಲಸ ಮಾಡುತ್ತಿದೆ ಎಂಬ ಸುದ್ದಿ ಆಗ ಆ ಮನೆಯವರಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಕಾರ್ಕಳಕ್ಕೆ ಗೊತ್ತಿರಲಿಲ್ಲ, ಅಕ್ಕನಿಗೆ ಗೊತ್ತಿರಲಿಲ್ಲ. ಅದನ್ನು ಸ್ವಲ್ಪ ಹೊತ್ತು ತಮ್ಮ ಹತ್ತಿರವೇ ಇಟ್ಟುಕೊಂಡರು. ಎದುರಿಗೆ ಬಂದ ನರ್ಸ್, ಏನಾದರೂ ಬೇಕಾ ಆಂಟಿ ಎಂದಾಗ, ಏನೂ ಬೇಡ ಎಂದು ಮುಂದೆ ನಡೆದರು.

ವಿನೋದಾ ಎಚ್ಚರವಾಗಿಯೇ ಇದ್ದರು. "ಬಂತಾ?" ಎಂದರು.

"ಬಂತು. ಚೀಲ ತುಂಬ್ತಾ ಇದೆ."

ವಿನೋದಾ ಕಣ್ಣಂಚಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಆಮೇಲೆ, "ಬರದೆ ಎಂತ? ನನ್ನದಲ್ವಾ" ಎಂದರು.

"ಇನ್ನು ನಿಮ್ಮದು ಅನ್ಬೇಡಿ ಅತ್ತಿಗೆ. ಒಳಗೆ ಹಾಕಿ ಹೊಲಿದಾಯ್ತು. ಅದಕ್ಕೆ ಹೊತ್ತು ಹೊತ್ತಿಗೆ ಮಾತ್ರೆ ಕೊಡೋಳು, ನೀರು ಕುಡಿಸೋಳು ನಾನು."

"ಹಾಳು ಮಾಡಿದ್ರೆ ನೋಡು ಮತ್ತೆ. ವಾಪಸ್ ಕೇಳ್ತೇನೆ."

"ಕೇಳಿ. ಖಾಲಿ ಡಬ್ಬಿ ಕಳಿಸ್ತೀನಿ."

ವಿನೋದಾಗೆ ನಗು ಬಂತು, ನಗುವಿನ ಜೊತೆ ಹೊಲಿಗೆ ಎಳೆದು "ಅಮ್ಮಾ" ಎಂದರು. ಆಂಟಿ ಬೇಗ ಕುರ್ಚಿಯ ಮೇಲಿದ್ದ ದಿಂಬು ತೆಗೆದು ಅವರ ಹೊಟ್ಟೆಯ ಮೇಲಿಟ್ಟು, ಅಂಗೈಯಿಂದ ಒತ್ತಿ ಹಿಡಿದರು. "ಹೀಗೆ ಹಿಡ್ಕೊಂಡು ನಗಬೇಕು, ಕೆಮ್ಮಬೇಕು. ಮೊದಲು ಕೊಯ್ಸಿಕೊಂಡೋಳು ನಾನು, ನನ್ನನ್ನ ಕೇಳಿ."

"ಅವನು ಎದ್ದನಾ? ಎಂತಾದರೂ ಮಾತಾಡಿದನಾ?" ಎಂದು ವಿನೋದಾ ಕೇಳಿದರು.

ಅಂಕಲ್ ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಅಕ್ಕ ಹೇಗಿದ್ದಾಳೆ?" ಎಂದು.

"ಇನ್ನೂ ಮಂಪರು" ಎಂದರು ಆಂಟಿ, ದಿಂಬನ್ನು ಇನ್ನೂ ಸ್ವಲ್ಪ ಸರಿಯಾಗಿ ಹಿಡಿಯುತ್ತಾ. "ನೀರು ಬೇಕು ಅಂದ್ರು, ಅಷ್ಟೆ."